ಹಳ್ಳಿಯ ಸಣ್ಣ ವ್ಯಾಪಾರಕ್ಕೆ ಮೊಬೈಲಿನಲ್ಲೊಂದು ನಾಮಫಲಕ

ಸೊಲ್ಲಾಪುರ, ಅಕ್ಕಲಕೋಟೆ, ಮಂಗಳವೇಡೆ, ಜತ್ತ ಭಾಗದ ನಮ್ಮ ಕನ್ನಡ ಮನೆತನಗಳಲ್ಲಿ ಒಕ್ಕಲುತನದ ಜೊತೆಗೆ ಒಂದು ಚಿಕ್ಕ ಉಪಕಸುಬನ್ನು ಇಟ್ಟುಕೊಂಡವರು ಬಹಳ ಮಂದಿ. ಬಿಳಿಜೋಳದ ಖಡಕ್ ರೊಟ್ಟಿ ಬಡಿದು ಮಾರುವವರು, ಶೇಂಗಾ ಹಿಂಡಿ ಕುಟ್ಟುವವರು, ಗಾಣದ ಎಣ್ಣೆ ತೆಗೆಯುವವರು, ಒಣದ್ರಾಕ್ಷಿ ಮಾಡುವವರು, ಹೀಗೆ ಊರೂರಿಗೂ ಇದ್ದಾರೆ. ಇವರ ಸರಕಿನಲ್ಲಿ ಕೊರತೆ ಇಲ್ಲ. ಮಂಗಳವೇಡೆಯ ಜೋಳ ಹಾಗೂ ಸೊಲ್ಲಾಪುರದ ದಾಳಿಂಬೆ ಎರಡಕ್ಕೂ 2016ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರಕಿದೆ. ನೆಲದ ಗುಣಕ್ಕೆ ಸರಕಾರವೇ ಮುದ್ರೆ ಒತ್ತಿದಂತಾಯಿತು.

ಕೊರತೆ ಇರುವುದು ಹೆಸರಿನಲ್ಲಿ. ನೆಲಕ್ಕೆ ಹೆಸರು ಬಂದಿತು, ದುಡಿಯುವ ಕೈಗೆ ಬರಲಿಲ್ಲ. ಮನೆಯಲ್ಲಿ ಕುಟ್ಟಿದ ಹಿಂಡಿ ವ್ಯಾಪಾರಿಯ ಡಬ್ಬಿ ಸೇರುತ್ತದೆ; ಪೇಟೆಯಲ್ಲಿ ಬೇರೆಯವರ ಚೀಟಿ ಅಂಟಿಸಿಕೊಂಡು ಮಾರಾಟವಾಗುತ್ತದೆ. ತಿಂದವರಿಗೆ ರುಚಿ ಹಿಡಿದರೂ, ಮತ್ತೆ ಬೇಕೆಂದಾಗ ಅವರು ಹುಡುಕುವುದು ಚೀಟಿಯವನನ್ನೇ ಹೊರತು ಕುಟ್ಟಿದವಳನ್ನಲ್ಲ. ಈ ಅನ್ಯಾಯವನ್ನು ಪೂರ್ತಿ ಅಲ್ಲದಿದ್ದರೂ ಬಹುಮಟ್ಟಿಗೆ ನೀಗುವ ಸಾಧನ ಈಗ ಪ್ರತಿ ಮನೆಯ ಮೊಬೈಲಿನಲ್ಲಿದೆ. ಅದನ್ನು ಬಳಸುವ ಬಗೆಯನ್ನು ಇಲ್ಲಿ ವಿವರಿಸಬೇಕೆಂದಿದ್ದೇವೆ.

ಗಡಿಯಾಚೆಯ ಒಂದು ನಿದರ್ಶನ

ನಮ್ಮ ನೆರೆಯ ಕಲಬುರಗಿ ಜಿಲ್ಲೆಯನ್ನು ನೋಡೋಣ. ಅಲ್ಲಿಯ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ಬಡಿಯುವ ಜೋಳದ ರೊಟ್ಟಿಗೆ ‘ಕಲಬುರಗಿ ರೊಟ್ಟಿ’ ಎಂಬ ಒಂದೇ ಹೆಸರು ಕೊಟ್ಟು, ಅಂತರಜಾಲದಲ್ಲಿಯೂ ಕೊಳ್ಳಲು ಸಿಗುವಂತೆ ಮಾಡಲಾಯಿತು. 2025ರ ಜೂನ್ ತಿಂಗಳಲ್ಲಿ ಪ್ರಧಾನಮಂತ್ರಿಗಳು ತಮ್ಮ ‘ಮನ್ ಕೀ ಬಾತ್’ ಆಕಾಶವಾಣಿ ಭಾಷಣದಲ್ಲಿ ಅದನ್ನು ಪ್ರಸ್ತಾಪಿಸಿದರು. ಅಲ್ಲಿಯ ಜೋಳಕ್ಕೂ ನಮ್ಮ ಜೋಳಕ್ಕೂ, ಅಲ್ಲಿಯ ಕೈಗೂ ನಮ್ಮ ಕೈಗೂ ಅಂತಹ ಭೇದವೇನಿದೆ? ಹಂಚು ಒಂದೇ, ಒಲೆ ಒಂದೇ. ಭೇದ ಇಷ್ಟೇ: ಅವರ ರೊಟ್ಟಿಗೆ ಹೆಸರುಂಟು, ಹುಡುಕಿದವರಿಗೆ ಅದು ಸಿಗುತ್ತದೆ, ನಮ್ಮದಕ್ಕೆ ಹೆಸರಿಲ್ಲ, ಹುಡುಕಿದರೂ ಸಿಗದು.

ರೂಢಿ ಹಳೆಯದು, ದಾರಿ ಹೊಸದು

ದೂರದ ಗಿರಾಕಿಗೆ ಮಾಲು ಕಳಿಸುವುದು ಹೊಸ ಸಂಗತಿಯೇನೂ ಅಲ್ಲ. ಹಿಂದೆ ಪತ್ರಿಕೆಯ ಜಾಹೀರಾತು ನೋಡಿ ಕಾರ್ಡು ಬರೆದರೆ, ಪುಸ್ತಕವೋ ಔಷಧವೋ ವಿ.ಪಿ. ಮೂಲಕ ಬರುತ್ತಿತ್ತು; ಅಂಚೆಯವನ ಕೈಗೆ ಹಣ ಕೊಟ್ಟು ಬಿಡಿಸಿಕೊಳ್ಳುತ್ತಿದ್ದರು. ಆಗ ಜಾಹೀರಾತಿಗೆ ಹಣ ಬೇಕಾಗುತ್ತಿತ್ತು, ಅಂತೆಯೇ ಅದು ದೊಡ್ಡವರ ಸೊತ್ತಾಗಿತ್ತು.

2016ನೆಯ ಇಸವಿಯಲ್ಲಿ ಈ ಸ್ಥಿತಿ ಬದಲಾಯಿತು. ಆ ವರ್ಷದ ಏಪ್ರಿಲ್‌ನಲ್ಲಿ ಯುಪಿಐ ಪದ್ಧತಿ ಬಂದು, ಮೊಬೈಲಿನಿಂದ ಮೊಬೈಲಿಗೆ ಹಣ ಸಂದಾಯ ಮಾಡುವುದು ಸುಲಭವಾಯಿತು. ಸೆಪ್ಟೆಂಬರ್‌ನಿಂದ ಅಂತರಜಾಲದ ಬೆಲೆ ಇಳಿದು, ಹಳ್ಳಿಯವರ ಕೈಗೂ ಎಟುಕಿತು. 2018ರಲ್ಲಿ ವಾಟ್ಸ್ಆ್ಯಪ್‌ನವರು ವ್ಯಾಪಾರಸ್ಥರಿಗೆಂದೇ ‘ವಾಟ್ಸ್ಆ್ಯಪ್ ಬಿಸಿನೆಸ್’ ಎಂಬ ಉಚಿತ ಆ್ಯಪ್ ಹೊರತಂದರು. ಜಾಹೀರಾತು, ಬೆಲೆಪಟ್ಟಿ, ಹಣ ಸಂದಾಯ ಮೂರೂ ಹೀಗೆ ಒಂದೇ ಯಂತ್ರದಲ್ಲಿ ಕೂಡಿಬಂದವು.

ಗಿರಾಕಿಯ ಅಭ್ಯಾಸವೂ ಬದಲಾಗಿದೆ. ಅಕ್ಕಲಕೋಟೆಯ ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವವರು, ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆಗೆ ಬರುವವರು, ಪುಣೆ–ಹೈದರಾಬಾದ ಹೆದ್ದಾರಿಯಲ್ಲಿ ಸಾಗುವವರು, ಯಾವ ಅಂಗಡಿಯಲ್ಲಿ ಏನು ಸಿಗುತ್ತದೆಂಬುದನ್ನು ಈಗ ದಾರಿಹೋಕರಿಗಿಂತ ಮೊದಲು ಮೊಬೈಲಿಗೆ ಕೇಳುತ್ತಾರೆ. ಅಲ್ಲಿ ಹೆಸರಿಲ್ಲದ ಅಂಗಡಿ ಅವರ ಪಾಲಿಗೆ ಇಲ್ಲದ ಅಂಗಡಿಯೇ ಸರಿ.

ಮೊದಲ ಕೆಲಸ: ನಕಾಶೆಯಲ್ಲಿ ಹೆಸರು

ಎಲ್ಲಕ್ಕಿಂತ ಮೊದಲು ಗೂಗಲ್ ನಕಾಶೆಯಲ್ಲಿ ನಿಮ್ಮ ಅಂಗಡಿಯನ್ನು ನಮೂದಿಸಬೇಕು. ಇದಕ್ಕೆ ಶುಲ್ಕವಿಲ್ಲ. ಅಂಗಡಿಯ ಹೆಸರು, ಸ್ಥಳ, ಮಾಲಿನ ಬಗೆ, ತೆರೆಯುವ ವೇಳೆ, ಫೋನ್ ನಂಬರು ಇಷ್ಟನ್ನು ತುಂಬಿದರೆ, ಅಂಗಡಿ ನಿಮ್ಮದೆಂದು ಸಾಬೀತುಪಡಿಸಲು ಕೇಳುತ್ತಾರೆ. ಅನೇಕ ವೇಳೆ ಅಂಗಡಿಯ ಒಳಹೊರಗನ್ನು ವಿಡಿಯೊ ಮಾಡಿ ತೋರಿಸಬೇಕಾಗುತ್ತದೆ. ಇದರಲ್ಲಿ ನಾಲ್ಕು ಮಾತುಗಳನ್ನು ಲಕ್ಷ್ಯದಲ್ಲಿಡಬೇಕು.

ಒಂದು: ಖಾತೆ ಯಜಮಾನ ಅಥವಾ ಯಜಮಾನಿಯ ಹೆಸರಿನಲ್ಲೇ ಇರಲಿ. ಕಂಪ್ಯೂಟರ್ ಅಂಗಡಿಯ ಹುಡುಗ ತನ್ನ ಇ-ಮೇಲಿನಿಂದ ಮಾಡಿಕೊಟ್ಟರೆ, ಬೀಗದ ಕೈ ಅವನಲ್ಲಿಯೇ ಉಳಿಯುತ್ತದೆ. ಗುಪ್ತಪದವನ್ನು ಮನೆಯ ವಹಿಯಲ್ಲಿ ಬರೆದಿಡಿ.

ಎರಡು: ಫೋನ್ ನಂಬರು ಮನೆಯಲ್ಲಿ ಇರುವವರದಾಗಿರಲಿ. ಪುಣೆಗೆ ದುಡಿಯಲು ಹೋಗುವ ಮಗನ ನಂಬರು ಕೊಟ್ಟರೆ, ಗಿರಾಕಿ ಕರೆದಾಗ ರೊಟ್ಟಿ ಇದೆಯೋ ಇಲ್ಲವೋ ಹೇಳುವವರಾರು?

ಮೂರು: ಚಿತ್ರವನ್ನು ಹಗಲ ಬೆಳಕಿನಲ್ಲಿ ತೆಗೆಯಿರಿ. ತೂಕ, ಬೆಲೆ ಕಾಣುವಂತಿರಲಿ. ಇನ್ನೊಬ್ಬರ ಚಿತ್ರವನ್ನು ಎತ್ತಿ ಹಾಕಬೇಡಿ. ಬಂದ ಮಾಲು ಚಿತ್ರದಂತೆ ಇಲ್ಲದಿದ್ದರೆ ಗಿರಾಕಿ ಮತ್ತೆ ಬಾರನು.

ನಾಲ್ಕು: ಸಂತುಷ್ಟ ಗಿರಾಕಿಗೆ ನಾಲ್ಕು ಮಾತು ಬರೆಯಿರೆಂದು ವಿನಂತಿಸಿ. ನಿಂದೆ ಬಂದರೆ ಜಗಳಕ್ಕೆ ನಿಲ್ಲದೆ, ಸರಿಪಡಿಸುವುದಾಗಿ ಉತ್ತರ ಬರೆಯಿರಿ. ನಿಮ್ಮ ಉತ್ತರವನ್ನು ಮುಂದೆ ಕೊಳ್ಳುವವರೂ ಓದುತ್ತಾರೆ.

ಎರಡು ಭಾಷೆಯೇ ನಮ್ಮ ಬಂಡವಾಳ

ಗಡಿನಾಡಿನ ಬದುಕಿನಲ್ಲಿ ತೊಡಕುಗಳು ಬಹಳ. ಆದರೆ ಈ ಕೆಲಸದಲ್ಲಿ ಗಡಿಯೇ ನಮಗೆ ಅನುಕೂಲ. ಒಂದೇ ಸರಕನ್ನು ಕಲಬುರಗಿಯವರು ‘ಶೇಂಗಾ ಹಿಂಡಿ’ ಎಂದು ಹುಡುಕುತ್ತಾರೆ, ಪುಣೆಯವರು ‘ಶೇಂಗದಾಣಾ ಚಟಣಿ’ ಎಂದು ಹುಡುಕುತ್ತಾರೆ. ನಮಗೆ ‘ರೊಟ್ಟಿ’ ಆದದ್ದು ಅವರಿಗೆ ‘ಭಾಕರಿ’. ಹುಡುಕುವವರು ಬರೆದ ಮಾತು ನೀವು ಬರೆದ ಮಾತಿಗೆ ಕೂಡಿದಾಗಲೇ ನಿಮ್ಮ ಅಂಗಡಿ ಸುಲಭವಾಗಿ ಕಣ್ಣಿಗೆ ಬೀಳುವುದು. ಬೆಂಗಳೂರಿನ ವ್ಯಾಪಾರಿಗೆ ಮರಾಠಿ ಬರೆಯಿಸಲು ಹಣ ಬೇಕು. ಪುಣೆಯವನಿಗೆ ಕನ್ನಡ ಬರೆಯಿಸಲು ಹಣ ಬೇಕು. ನಮ್ಮ ಮನೆಯ ಶಾಲೆಗೆ ಹೋಗುವ ಮಗಳು ಎರಡನ್ನೂ ಬಿಟ್ಟಿಯಾಗಿ ಬರೆದಾಳು!

ಮಹಾರಾಷ್ಟ್ರದಲ್ಲಿ 2022ರಲ್ಲಿ ಆದ ಕಾಯಿದೆಯ ತಿದ್ದುಪಡಿಯ ಮೇರೆಗೆ ಸಣ್ಣ ಅಂಗಡಿಗಳೂ ಮರಾಠಿಯಲ್ಲಿ ಫಲಕ ಹಾಕಬೇಕು. ಬೇರೆ ಭಾಷೆಯ ಅಕ್ಷರಗಳು ಮರಾಠಿಗಿಂತ ದೊಡ್ಡವಿರಬಾರದು. ನೆಲದ ಕಾಯಿದೆಯನ್ನು ಪಾಲಿಸತಕ್ಕದ್ದೇ. ಅಂಗಡಿಯ ಹಲಗೆಯ ಮೇಲೆ ಜಾಗ ಅಷ್ಟಿಷ್ಟೇ. ಮೊಬೈಲಿನ ಬೆಲೆಪಟ್ಟಿಯಲ್ಲಿ ಮಾತ್ರ ಕನ್ನಡ, ಮರಾಠಿ ಎರಡಕ್ಕೂ ಬೇಕಾದಷ್ಟು ಸ್ಥಳವಿದೆ. ಅಲ್ಲಿಯೂ ಕನ್ನಡವನ್ನು ಬಿಟ್ಟುಕೊಟ್ಟರೆ ದೋಷ ನಮ್ಮದೇ. ಆದವಾನಿ, ರಾಯದುರ್ಗದ ಬಂಧುಗಳು ತೆಲುಗನ್ನೂ, ಹೊಸೂರು, ತಾಳವಾಡಿಯವರು ತಮಿಳನ್ನೂ, ಕಾಸರಗೋಡಿನವರು ಮಲೆಯಾಳವನ್ನೂ ಹೀಗೆಯೇ ಕನ್ನಡದ ಜೊತೆಗೆ ಉಪಯೋಗಿಸಿಕೊಳ್ಳಬಹುದು.

ಬಾಡಿಗೆ ಗೋಡೆಯನ್ನೇ ನಂಬಬೇಡಿ

ಇಲ್ಲಿ ಒಂದು ಎಚ್ಚರಿಕೆಯ ಮಾತು. ಈ ಆ್ಯಪ್‌ಗಳೆಲ್ಲ ಪರರ ಗೋಡೆಗಳು. ಅವರು ಬೇಡವೆಂದ ದಿನ ನಮ್ಮ ಹಲಗೆ ಕೆಳಗೆ ಬೀಳುತ್ತದೆ. 2020ರ ಜೂನ್ 29ರಂದು ಭಾರತ ಸರಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿದಾಗ, ಟಿಕ್‌ಟಾಕ್ ಒಂದನ್ನೇ ನಂಬಿ ಗಿರಾಕಿಗಳನ್ನು ಕೂಡಿಸಿದ್ದವರು ಅವರನ್ನು ಕಳೆದುಕೊಂಡರು. ಗೂಗಲ್‌ನವರು ಸಣ್ಣ ಅಂಗಡಿಗಳಿಗೆ ಬಿಟ್ಟಿಯಾಗಿ ಕೊಟ್ಟಿದ್ದ ಜಾಲತಾಣಗಳನ್ನೂ 2024ರ ಮಾರ್ಚ್‌ನಲ್ಲಿ ಮುಚ್ಚಿದರು.

ಆದುದರಿಂದ ಗಿರಾಕಿಗಳ ಹೆಸರು, ಊರು, ಫೋನ್ ನಂಬರು, ಕೊಂಡ ಮಾಲು ಇವನ್ನು ಒಂದು ವಹಿಯಲ್ಲಿ ಬರೆದಿಡಿ. ಆ್ಯಪ್ ಹೋದರೂ ವಹಿ ಉಳಿಯುತ್ತದೆ. ಪೊಟ್ಟಣದ ಮೇಲೆ ನಿಮ್ಮ ಹೆಸರು, ಊರು, ನಂಬರು ಅಚ್ಚಾಗಿರಲಿ. ವ್ಯಾಪಾರ ತುಸು ಬೆಳೆದ ಮೇಲೆ, ವರ್ಷಕ್ಕಿಷ್ಟೆಂದು ಹಣ ಕಟ್ಟಿ ಸ್ವಂತ ಜಾಲತಾಣದ ವಿಳಾಸ ಪಡೆಯುವುದು ಒಳ್ಳೆಯದು. ಕನ್ನಡ ಲಿಪಿಯಲ್ಲೇ ‘.ಭಾರತ’ ಎಂದು ಮುಗಿಯುವ ವಿಳಾಸವೂ ದೊರೆಯುತ್ತದೆ.

ಗಡಿ ದಾಟುವ ಮಾಲಿನ ಕಟ್ಟಳೆ

ನಮ್ಮ ಭಾಗದವರಿಗೆ ಅತ್ಯವಶ್ಯವಾದ ವಿಷಯವಿದು. ಅಕ್ಕಲಕೋಟೆಯಿಂದ ಮುಂಬಯಿ ಎಷ್ಟೇ ದೂರವಿದ್ದರೂ ಒಂದೇ ರಾಜ್ಯ. ಕಲಬುರಗಿ, ವಿಜಯಪುರಗಳು ಹತ್ತಿರವಿದ್ದರೂ ಪರರಾಜ್ಯ. ಮಹಾರಾಷ್ಟ್ರದೊಳಗೆ ಕೇವಲ ಸರಕು ಮಾರುವವರು ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವ ತನಕ ಸಾಮಾನ್ಯವಾಗಿ ಜಿ.ಎಸ್.ಟಿ. ನೋಂದಣಿ ಮಾಡಿಸಬೇಕಿಲ್ಲ. ಆದರೆ ತೆರಿಗೆಯುಳ್ಳ ಸರಕನ್ನು ಬೇರೆ ರಾಜ್ಯಕ್ಕೆ ಮಾರುವುದಾದರೆ, ಕೆಲವು ಕರಕುಶಲ ವಸ್ತುಗಳನ್ನು ಬಿಟ್ಟು, ಮೊದಲ ರೂಪಾಯಿಯಿಂದಲೇ ನೋಂದಣಿ ಬೇಕು. ದೊಡ್ಡ ಜಾಲ ಅಂಗಡಿಗಳ ಮೂಲಕ ಮಾರಲು ನೋಂದಣಿ ಇಲ್ಲದ ಸಣ್ಣವರಿಗೆ 2023ರ ಅಕ್ಟೋಬರ್ 1ರಿಂದ ಅವಕಾಶ ಸಿಕ್ಕಿತು. ಅದೂ ಸ್ವಂತ ರಾಜ್ಯದ ಒಳಗೆ ಮಾತ್ರ.

ಒಕ್ಕಲಿಗ ತನ್ನ ಹೊಲದ ಬೆಳೆಯನ್ನೇ ಮಾರಿದರೆ, ಅಷ್ಟರಮಟ್ಟಿಗೆ ಅವನಿಗೆ ಈ ನೋಂದಣಿ ಇಲ್ಲ. ರೊಟ್ಟಿಯ ಮೇಲಿನ ತೆರಿಗೆಯೂ 2025ರ ಸೆಪ್ಟೆಂಬರ್ 22ರಿಂದ ಹೋಯಿತು. ಆದರೆ ರೊಟ್ಟಿಯ ಜೊತೆಗೆ ಹಿಂಡಿಯನ್ನು ಗಡಿ ದಾಟಿಸಿ ಮಾರಿದ ಕೂಡಲೇ ಲೆಕ್ಕ ಬದಲಾಗುತ್ತದೆ. ಆದ್ದರಿಂದ ಪರರಾಜ್ಯದ ಮೊದಲ ಆರ್ಡರು ಹಿಡಿಯುವ ಮುನ್ನವೇ ತೆರಿಗೆ ಬಲ್ಲವರನ್ನು ಒಮ್ಮೆ ಕೇಳತಕ್ಕದ್ದು.

ತಿನ್ನುವ ಪದಾರ್ಥಕ್ಕೆ ಆಹಾರ ಸುರಕ್ಷತಾ ಇಲಾಖೆಯ ನೋಂದಣಿ ಮನೆಯಲ್ಲಿ ಮಾಡುವವರಿಗೂ ಬೇಕು. ಅದರ 14 ಅಂಕಿಗಳ ನಂಬರು, ಒಳಗೇನೇನಿದೆ ಎಂಬ ವಿವರ, ತೂಕ, ಬೆಲೆ, ತಯಾರಿಸಿದ ದಿನ, ಎಷ್ಟು ದಿನ ತಿನ್ನಬಹುದು, ವಿಳಾಸ, ಸಸ್ಯಾಹಾರದ ಹಸಿರು ಗುರುತು, ಇವು ಪೊಟ್ಟಣದ ಮೇಲೆ ಇರಬೇಕು. ಶೇಂಗಾದಲ್ಲಿ ಎಣ್ಣೆಯಂಶ ಹೆಚ್ಚಾದ್ದರಿಂದ ಹಿಂಡಿ ಬೇಗ ಕಮಟುತ್ತದೆ. ಆರ್ಡರು ಬಂದಷ್ಟೇ ಕುಟ್ಟುವುದು ಲೇಸು.

ಲಾಭದ ಲೆಕ್ಕ

ಲೆಕ್ಕ ಹಾಕುವ ರೀತಿಯನ್ನು ತೋರಿಸಲೆಂದು ಕೆಲವು ಊಹೆಯ ಅಂಕಿಗಳನ್ನು ಇಟ್ಟುಕೊಳ್ಳೋಣ. ಒಂದು ಕಿಲೊ ಹಿಂಡಿಗೆ ಸಾಮಾನು, ಕೂಲಿ ಸೇರಿ ₹180 ಬೀಳುತ್ತದೆನ್ನಿ. ಪೇಟೆಯ ವ್ಯಾಪಾರಿ ₹220 ಕೊಟ್ಟರೆ ಉಳಿಯುವುದು ₹40. ನೇರವಾಗಿ ₹320ಕ್ಕೆ ಮಾರಿದರೆ, ಪಾರ್ಸೆಲ್ಲಿಗೆ ₹60, ಪೆಟ್ಟಿಗೆಗೆ ₹20 ಹೋಗಿ ₹60 ಉಳಿಯಿತು. ಗಿರಾಕಿ ಅರ್ಧ ಕಿಲೊ ಮಾತ್ರ ಕೇಳಿದರೆ? ₹160ರಲ್ಲಿ ಮಾಲಿಗೆ ₹90, ಪಾರ್ಸೆಲ್ಲಿಗೆ ₹50, ಪೆಟ್ಟಿಗೆಗೆ ₹15 ಹೋಗಿ ಉಳಿಯುವುದು ಕೇವಲ ₹5. ಎರಡು ಕಿಲೊ ಒಟ್ಟಿಗೆ ಕಳಿಸಿದರೆ ₹640ರಲ್ಲಿ ಮಾಲಿಗೆ ₹360, ಪಾರ್ಸೆಲ್ಲಿಗೆ ₹90, ಪೆಟ್ಟಿಗೆಗೆ ₹25 ಕಳೆದು ₹165 ಕೈಗೆ ಬರುತ್ತದೆ.

ಇದರಿಂದ ತಿಳಿಯುವುದೇನೆಂದರೆ, ಚಿಲ್ಲರೆ ಪೊಟ್ಟಣವನ್ನು ಊರಲ್ಲಿ ಮಾರಬೇಕು, ದೂರಕ್ಕೆ ಗಂಟನ್ನೇ ಕಳಿಸಬೇಕು. ಎರಡು ಮೂರು ಮನೆಯವರು ಕೂಡಿ ಒಂದೇ ಪೆಟ್ಟಿಗೆಯಲ್ಲಿ ರೊಟ್ಟಿ, ಹಿಂಡಿ ಸೇರಿಸಿ ಕಳಿಸಿದರೆ ಖರ್ಚು ಹಂಚಿಹೋಗುತ್ತದೆ. ರೊಟ್ಟಿ ಅಲುಗಾಡಿದರೆ ಒಡೆಯುತ್ತದೆ. ಮೇಲೂ ಕೆಳಗೂ ದಪ್ಪ ರಟ್ಟು ಇಟ್ಟು, ಪೆಟ್ಟಿಗೆಯಲ್ಲಿ ಸಡಿಲು ಬಿಡದಂತೆ ಕಟ್ಟಬೇಕು. ಹೊಸ ಗಿರಾಕಿಯಿಂದ ಹಣವನ್ನು ಮುಂಗಡವಾಗಿಯೇ ಪಡೆಯಿರಿ. ಬಿಡಿಸಿಕೊಳ್ಳದೆ ಮರಳಿ ಬಂದ ಪಾರ್ಸೆಲ್ಲಿನ ಖರ್ಚು ನಿಮ್ಮ ತಲೆಗೇ ಬರುತ್ತದೆ.

ಮೋಸದ ಬಗ್ಗೆ

ಹಣ ಪಡೆಯುವುದಕ್ಕೆ ಎಂದಿಗೂ ಯುಪಿಐ ಪಿನ್ ಒತ್ತಬೇಕಿಲ್ಲ. “ಮಾಲಿನ ಹಣ ಕಳಿಸಿದ್ದೇವೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿರಿ” ಎಂದವನು ಕಳ್ಳನೇ. ಹಣ ಕಟ್ಟಿದ ಚಿತ್ರ ತೋರಿಸಿದರೆ ಸಾಲದು. ಬ್ಯಾಂಕಿನ ಖಾತೆಗೆ ಜಮೆ ಆದದ್ದನ್ನು ನೋಡಿಯೇ ಮಾಲು ಕಳಿಸಿ. ಗೂಗಲ್‌ನವರೆಂದು ಹೇಳಿ, ನಕಾಶೆಯಲ್ಲಿ ಹೆಸರು ಉಳಿಸಲು ಹಣ ಕೇಳುವವರ ಮಾತಿಗೂ ಮರುಳಾಗಬೇಡಿ. ಮೋಸ ಹೋದದ್ದು ತಿಳಿದ ಕೂಡಲೇ, ತಡಮಾಡದೆ, 1930 ನಂಬರಿಗೆ ಫೋನ್ ಮಾಡಬೇಕು.

ನಾಮಫಲಕ ಎಷ್ಟು ಚೆಂದವಿದ್ದರೂ ಸರಕಿನ ಗುಣವನ್ನು ಹೆಚ್ಚಿಸಲಾರದು. ಹೊಲ ಹಸನಾಗಿರದೆ ಬೀಜ ಬಿತ್ತಿದಂತೆ, ಮಾಲು ಹಸನಾಗಿರದೆ ಹೆಸರು ಹಬ್ಬಿಸಿದರೆ ಹಬ್ಬುವುದು ಅಪಕೀರ್ತಿಯೇ. ಒಳ್ಳೆಯ ಮಾಲು ಇದ್ದವರು ಮಾತ್ರ ಇನ್ನು ಹೆಸರಿಲ್ಲದೆ ಕೂಡುವುದು ಬೇಡ. ಈ ವಾರವೇ ನಕಾಶೆಯಲ್ಲಿ ಅಂಗಡಿಯ ಹೆಸರನ್ನು ನಮೂದಿಸಿ, ಬೆಲೆಪಟ್ಟಿಯನ್ನು ಎರಡೂ ಭಾಷೆಗಳಲ್ಲಿ ಬರೆಯಿಸಿ, ಗಿರಾಕಿಗಳಿಗೊಂದು ವಹಿ ತೆರೆಯಿರಿ. ಈ ಮೂರಕ್ಕೂ ತಗಲುವ ಖರ್ಚು ವಹಿಯ ಬೆಲೆಯಷ್ಟೇ.