ಗಾಜಿನ ಮನೆಯಲ್ಲಿ ಬೆಂಕಿಪುರದ ಕಬ್ಬಿಣ

ಜನ್ನಾಪುರದ ಸಂಸಾರವೊಂದು ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನವನ್ನು ನೋಡಿ ಬರಲು ಹೊರಟಿತೆನ್ನೋಣ. ಭದ್ರಾವತಿಯಲ್ಲಿ ನಸುಕಿನ ರೈಲು ಹತ್ತಿ, ಬೀರೂರು, ಅರಸೀಕೆರೆ, ತುಮಕೂರುಗಳನ್ನು ದಾಟಿ ಯಶವಂತಪುರದಲ್ಲಿ ಇಳಿದರಾಯಿತು. ಅಲ್ಲಿಂದ ಮೆಟ್ರೋದ ಹಸಿರು ಮಾರ್ಗವು ಲಾಲ್‌ಬಾಗಿನ ನಿಲ್ದಾಣಕ್ಕೇ ತಂದು ಬಿಡುತ್ತದೆ. ಅಜ್ಜಿಯ ಕೈಯಲ್ಲಿ ಚಿತ್ರಾನ್ನದ ಡಬ್ಬಿ, ಸೊಸೆಯ ಕೈಯಲ್ಲಿ ನೀರಿನ ಬಾಟಲಿ, ಮಗನ ಕೈಯಲ್ಲಿ ಮಕ್ಕಳು. ಉಕ್ಕಿನ ಕಾರ್ಖಾನೆಯಿಂದ ನಿವೃತ್ತನಾದ ಅಜ್ಜನ ಕೈ ಮಾತ್ರ ಬರಿದು. ಆತನಿಗೆ ಹೂವಿನಲ್ಲಿ ಅಷ್ಟೇನೂ ಆಸಕ್ತಿಯಿಲ್ಲ. ಮಲೆನಾಡಿನ ಅಂಚಿನಲ್ಲಿ ಆಯುಷ್ಯ ಕಳೆದವನಿಗೆ ಹೂವನ್ನು ಟಿಕೆಟ್ ಕೊಂಡು ನೋಡಬೇಕೆಂಬುದೇ ವಿಚಿತ್ರವಾಗಿ ತೋರಿದರೆ ಅದು ತಪ್ಪಲ್ಲ.

ಲಾಲ್‌ಬಾಗಿನ ಕಥೆಯನ್ನು ವಾಚಕರು ಬಲ್ಲರು. 1760ರಲ್ಲಿ ಹೈದರಾಲಿ ತೊಡಗಿಸಿದ ತೋಟ ಟಿಪ್ಪುವಿನ ಕಾಲದಲ್ಲಿ ಬೆಳೆಯಿತು. ಇಂದು ಅದರ ವಿಸ್ತಾರ 240 ಎಕರೆ. 1874ರಲ್ಲಿ ಇಲ್ಲಿಗೆ ಬಂದ ಜಾನ್ ಕ್ಯಾಮೆರಾನ್ ಹೊರನಾಡಿನ ಎಷ್ಟೋ ಗಿಡಗಳನ್ನು ತಂದು ನೆಟ್ಟನು. ನಮ್ಮ ಮನೆಗಳಲ್ಲಿ ಕೂಟು ಮಾಡುವ ಸೀಮೆಬದನೆಯನ್ನು ಬೆಂಗಳೂರಿಗೆ ಪರಿಚಯಿಸಿದವನು ಅವನೇ ಎನ್ನುತ್ತಾರೆ. ಗೃಹಿಣಿಯರು ಅವನನ್ನು ನೆನೆಯಲು ಇಷ್ಟು ಸಾಲದೆ?

ಪ್ರದರ್ಶನವು ವರ್ಷಕ್ಕೆ ಎರಡು ಸಲ, ಗಣರಾಜ್ಯೋತ್ಸವಕ್ಕೂ ಸ್ವಾತಂತ್ರ್ಯೋತ್ಸವಕ್ಕೂ ಹೊಂದಿಕೊಂಡು ನಡೆಯುತ್ತದೆ. ಪ್ರತಿ ಸಲವೂ ಒಂದು ವಿಷಯ. 2022ರ ಆಗಸ್ಟ್‌ನಲ್ಲಿ ಡಾ. ರಾಜ್‌ಕುಮಾರ್ ಮತ್ತು ಪುನೀತ್ ರಾಜ್‌ಕುಮಾರ್. 2023ರ ಆಗಸ್ಟ್‌ನಲ್ಲಿ ಕೆಂಗಲ್ ಹನುಮಂತಯ್ಯನವರು ಮತ್ತು ವಿಧಾನಸೌಧ. 2024ರ ಜನವರಿಯಲ್ಲಿ ಬಸವಣ್ಣನವರು ಮತ್ತು ವಚನ ಸಾಹಿತ್ಯ. ಆ ಜನವರಿಯಲ್ಲಿ ಗಾಜಿನ ಮನೆಯ ನಡುವೆ ಹೂವಿನ ಅನುಭವ ಮಂಟಪವೇ ಎದ್ದು ನಿಂತಿತ್ತು. ನಮ್ಮ ಸಂಸಾರ ಬಂದದ್ದು ಆ ಪ್ರದರ್ಶನಕ್ಕೆ ಎಂದೇ ಇಟ್ಟುಕೊಳ್ಳೋಣ.

ಜನಸಂದಣಿಯನ್ನು ವರ್ಣಿಸುವುದು ಬೇಡ. ಭುಜಕ್ಕೆ ಭುಜ ತಾಗುತ್ತದೆ. ಎಲ್ಲರ ಕೈಯಲ್ಲೂ ಮೊಬೈಲು. ಕಣ್ಣಿನಿಂದ ನೋಡುವವರು ಕಡಿಮೆ, ಚಿತ್ರ ತೆಗೆದುಕೊಳ್ಳುವವರು ಹೆಚ್ಚು. ಸೊಸೆ ಸೇವಂತಿಗೆಯ ರಾಶಿಯ ಮುಂದೆ ಮಕ್ಕಳನ್ನು ನಿಲ್ಲಿಸುತ್ತಾಳೆ. ಅಜ್ಜನಾದರೋ ಮಂಟಪಕ್ಕೆ ಬೆನ್ನು ಮಾಡಿ, ತಲೆ ಮೇಲಕ್ಕೆತ್ತಿ ನಿಂತುಬಿಟ್ಟಿದ್ದಾನೆ.

"ಅಜ್ಜಾ, ಹೂವು ಈ ಕಡೆ!" ಎಂದು ಮೊಮ್ಮಗ ಕೈ ಜಗ್ಗುತ್ತಾನೆ.

"ಹೂವು ನಾಳೆ ಬಾಡ್ತದೆ ಮರಿ. ಇದನ್ನ ನೋಡು," ಎಂದು ಅಜ್ಜ ಚಾವಣಿಯ ಕಡೆ ಬೆರಳು ಮಾಡುತ್ತಾನೆ.

ಅಜ್ಜ ನೋಡುತ್ತಿರುವುದು ಕಬ್ಬಿಣವನ್ನು. ಈ ಗಾಜಿನ ಮನೆಗೆ 1889ರ ನವೆಂಬರ್ 30ರಂದು, ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದನು. ಮಾದರಿ ಲಂಡನ್ನಿನ ಸ್ಫಟಿಕದ ಅರಮನೆಯದು. ಎರಕದ ಕಬ್ಬಿಣ ಬಂದದ್ದು ಗ್ಲಾಸ್ಗೋ ನಗರದಿಂದ. ಆದರೆ ಕಟ್ಟಡ ಅಷ್ಟಕ್ಕೇ ನಿಲ್ಲಲಿಲ್ಲ. 1935ರಲ್ಲಿ, ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ, ಎಚ್. ಸಿ. ಜವರಾಯರು ತೋಟದ ಆಡಳಿತ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ, ಅದರ ಪೂರ್ವದ ಅಂಕಣವನ್ನು ವಿಸ್ತರಿಸಿದರು. ಅದಕ್ಕೆ ಕಬ್ಬಿಣ ಕಡಲು ದಾಟಿ ಬರಲಿಲ್ಲ, ಭದ್ರಾವತಿಯಿಂದ ಬಂದಿತು.

ನಲವತ್ತಾರು ವರ್ಷಗಳಲ್ಲಿ ಆದ ಈ ಬದಲಾವಣೆ ಸಣ್ಣದಲ್ಲ. ಬೆಂಕಿಪುರವೆಂದು ಕರೆಸಿಕೊಳ್ಳುತ್ತಿದ್ದ ಊರಿನಲ್ಲಿ 1918ರಲ್ಲಿ ಕಾರ್ಖಾನೆಯ ಕೆಲಸ ತೊಡಗಿ, 1923ರಲ್ಲಿ ಕುಲುಮೆ ಉರಿಯಿತು. ಸಂಸ್ಥಾನಕ್ಕೆ ಇದೊಂದು ದುಬಾರಿ ಹವ್ಯಾಸವೆಂದು ಮೂದಲಿಸಿದವರಿದ್ದರು. ದಿವಾನಗಿರಿಯನ್ನು ಬಿಟ್ಟಿದ್ದ ವಿಶ್ವೇಶ್ವರಯ್ಯನವರೇ ಮತ್ತೆ ಬಂದು ಅದರ ಹೊಣೆ ಹೊತ್ತು ನಿಲ್ಲಿಸಬೇಕಾಯಿತು. ಅಂತಹ ಕಾರ್ಖಾನೆಯ ಕಬ್ಬಿಣ ಗ್ಲಾಸ್ಗೋದ ಕಬ್ಬಿಣಕ್ಕೆ ಹೆಗಲು ಕೊಟ್ಟು ನಿಂತಿದೆ.

ಇಲ್ಲಿ ಇನ್ನೊಂದು ಮಾತನ್ನು ಹೇಳದಿದ್ದರೆ ಕಥೆ ಅರ್ಧವಾಗುತ್ತದೆ. ಭದ್ರಾವತಿಯಲ್ಲಿ ಕಲ್ಲಿದ್ದಲಿರಲಿಲ್ಲ. ಅದಿರು ಬಾಬಾಬುಡನ್ ಬೆಟ್ಟದ ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು. ಅದನ್ನು ಕರಗಿಸಲು ಇದ್ದಿಲು ಬೇಕು. ಇದ್ದಿಲಿಗೆ ಮಲೆನಾಡಿನ ಕಾಡೇ ಬೇಕು. ಕಾಡಿನೊಳಗೆ ಟ್ರಾಮಿನ ಹಳಿ ಹಾಸಿ ಸೌದೆಯನ್ನು ತಂದರು. ಸುಟ್ಟ ಮರದ ಹೊಗೆಯನ್ನೂ ವ್ಯರ್ಥಮಾಡದೆ ಅದರಿಂದ ಡಾಂಬರನ್ನೂ ಮರದ ಮದ್ಯಸಾರವನ್ನೂ ಇಳಿಸಿದರು. ಹಾಗಾಗಿ, ಹೂಗಿಡಗಳಿಗೆ ನೆರಳು ಕೊಟ್ಟ ಈ ಚಾವಣಿಯ ಹಿಂದೆ ಎಣಿಕೆಗೆ ಸಿಗದಷ್ಟು ಮರಗಳ ಬೂದಿಯಿದೆ. ಲಾಲ್‌ಬಾಗಿನಲ್ಲಿ ಒಂದೊಂದು ಮರಕ್ಕೂ ಲ್ಯಾಟಿನ್ ಹೆಸರಿನ ಫಲಕ. ಆ ಮರಗಳಿಗೆ ಫಲಕವೆಲ್ಲಿ? ವಿನೋದವೆಂದರೆ, ಅದಿರು ಅಗೆದ ಕೆಮ್ಮಣ್ಣುಗುಂಡಿಯಲ್ಲಿಯೇ ಈಗ ತೋಟಗಾರಿಕೆ ಇಲಾಖೆಯ ಉದ್ಯಾನವಿದೆ.

ಅಜ್ಜ ತಲೆಯೆತ್ತಿ ನಿಂತದ್ದಕ್ಕೆ ಹಳೆಯ ಹೆಮ್ಮೆಯೊಂದೇ ಕಾರಣವಲ್ಲ. 2023ರ ಜನವರಿಯಲ್ಲಿ, ನೂರನೆಯ ವರ್ಷದ ಹೊಸ್ತಿಲಲ್ಲೇ, ಕಾರ್ಖಾನೆಯನ್ನು ಮುಚ್ಚುವುದಾಗಿ ಉಕ್ಕು ಪ್ರಾಧಿಕಾರ ಹೇಳಿತು. ಪಕ್ಕದ ಕಾಗದದ ಕಾರ್ಖಾನೆಯ ಯಂತ್ರಗಳು ನಿಂತು ಆಗಲೇ ವರ್ಷಗಳಾಗಿದ್ದವು. ಗುತ್ತಿಗೆ ಕಾರ್ಮಿಕರು ಧರಣಿ ಕುಳಿತರು. ಜನ್ನಾಪುರದ ಅಂಗಡಿಗಳಲ್ಲಿ ಸಾಲದ ಪುಸ್ತಕಗಳು ದಪ್ಪವಾದವೆಂದರೆ ಯಾರೂ ಆಶ್ಚರ್ಯಪಡಬೇಕಿಲ್ಲ. ಆಗಸ್ಟ್‌ನಲ್ಲಿ, ಲಾಲ್‌ಬಾಗಿನಲ್ಲಿ ಹೂವಿನ ವಿಧಾನಸೌಧಕ್ಕೆ ಜನ ಮುತ್ತಿದ ತಿಂಗಳಿನಲ್ಲೇ, ಬಾರ್ ಮಿಲ್ ಮತ್ತೆ ತಿರುಗಿತು. ತಿರುಗಿತೆಂದು ಊರು ನಿಟ್ಟುಸಿರಿಟ್ಟಿತು, ನೆಮ್ಮದಿಯಿಂದ ನಿದ್ರಿಸಿತೆನ್ನಲಾಗದು.

ಮಕ್ಕಳಿಗೆ ಇದೆಲ್ಲ ಬೇಗ ಬೇಸರ ತರಿಸುತ್ತದೆ. ಅವರಿಗೆ ನೋಡಲು ಬೇರೆ ಬೇಕಾದಷ್ಟಿದೆ: ಕಲ್ಲಾಗಿ ಹೋದ ಎರಡು ಕೋಟಿ ವರ್ಷ ಹಳೆಯ ಮರದ ಕಾಂಡ, ಎಚ್.ಎಂ.ಟಿ.ಯವರು 1983ರಲ್ಲಿ ಇಟ್ಟ ಹೂವಿನ ಗಡಿಯಾರ. (ಆ ಕೈಗಡಿಯಾರದ ಕಂಪನಿಯನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು. ಅಜ್ಜನಿಗೆ ಇದು ಗೊತ್ತು. ಆತ ಮೊಮ್ಮಕ್ಕಳಿಗೆ ಹೇಳಲಿಲ್ಲ.) ಸೊಸೆಗೆ ಪ್ರದರ್ಶನದ ಸ್ಪರ್ಧೆಗಳು ಹಿಡಿಸುತ್ತವೆ: ಜಪಾನೀಯರ ಇಕೆಬಾನ, ಕುಬ್ಜ ಮರಗಳು, ಕುಂಬಳ ಕಲ್ಲಂಗಡಿಗಳಲ್ಲಿ ಕೆತ್ತಿದ ಮುಖಗಳು. ಮುಖಕ್ಕಿಂತ ಕುಂಬಳವೇ ಚೆನ್ನಾಗಿತ್ತೆಂಬುದು ಅಜ್ಜಿಯ ಅಭಿಪ್ರಾಯ.

ಹಾಡು ಕುಣಿತಗಳೂ ಈ ತೋಟಕ್ಕೆ ಹೊಸತಲ್ಲ. 2010ರ ಆಸುಪಾಸಿನಲ್ಲಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯವರು ವಾರಾಂತ್ಯದಲ್ಲಿ ಇಲ್ಲಿ ಜಾನಪದ ಜಾತ್ರೆ ನಡೆಸುತ್ತಿದ್ದರು. ಬೆಂಗಳೂರಿನ ಮಗುವಿಗೆ ಡೊಳ್ಳಿನ ಸದ್ದು ತಿಳಿಯಲಿ ಎಂಬುದು ಒಳ್ಳೆಯ ಎಣಿಕೆಯೇ. ಶಿವಮೊಗ್ಗ ಸೀಮೆಯ ಮಗುವಿಗೆ ಮಾತ್ರ ಅದನ್ನು ಬೆಂಗಳೂರಿಗೆ ಬಂದು ಕೇಳಬೇಕಾದ ಸ್ಥಿತಿ ಬಾರದಿರಲಿ.

ಮಧ್ಯಾಹ್ನ ಸಂಸಾರವು ಬಂಡೆಯ ಕಡೆ ನಡೆಯಿತು. ಸುಮಾರು 300 ಕೋಟಿ ವರ್ಷದ ಬಂಡೆ. ನೆತ್ತಿಯಲ್ಲಿ ಕೆಂಪೇಗೌಡರ ಗೋಪುರ. ಅಲ್ಲಿಂದ ಇಳಿದು ಮರದ ನೆರಳಿನಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚಿದರು. ಮೊಮ್ಮಗ ಕೇಳಿದ: "ಅಜ್ಜಾ, ಆ ಮನೇಲಿ ನಮ್ಮೂರಿಂದು ಯಾವ ಕಡೆ?"

"ಪೂರ್ವದ ಕಡೆ," ಎಂದ ಅಜ್ಜ. "ಉಂಡು ಏಳು, ಇನ್ನೊಂದ್ಸಲ ತೋರಿಸ್ತೀನಿ. ರೈಲಿಗೆ ಇನ್ನೂ ಹೊತ್ತಿದೆ."