ಹಿಂದಿನ ಬೆಂಚಿಗೂ ಮೈಕು ಸಿಗಲಿ

ನಾನು ಔರಾದ್ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಓದಿದವಳು. ಈಗ ಬೀದರ್‌ನಲ್ಲಿ ಬಿಇ ಓದುತ್ತಿದ್ದೇನೆ. ಕ್ಯಾಂಪಸ್ ಸಂದರ್ಶನಕ್ಕಾಗಿ ಗುಂಪು ಚರ್ಚೆ ಅಭ್ಯಾಸ ಮಾಡುವಾಗ ಒಂದು ಸಂಗತಿ ಗಮನಕ್ಕೆ ಬಂತು. ಮೊದಲು ಬಾಯಿ ಬಿಡುವ ಗೆಳೆಯರಲ್ಲಿ ಹೆಚ್ಚಿನವರು ಹೈಸ್ಕೂಲಿನಲ್ಲಿ ಪ್ರತಿಭಾ ಕಾರಂಜಿಯ ವೇದಿಕೆ ಹತ್ತಿದವರು.

ಶಿಕ್ಷಣ ಇಲಾಖೆಯ ಈ ಸ್ಪರ್ಧೆ ಕ್ಲಸ್ಟರ್‌ನಿಂದ ತಾಲ್ಲೂಕು, ಜಿಲ್ಲೆ, ರಾಜ್ಯ ಮಟ್ಟದವರೆಗೆ ನಡೆಯುತ್ತದೆ. ಭಾಷಣ, ಕಂಠಪಾಠ, ಜನಪದ ನೃತ್ಯದ ಜೊತೆಗೆ ಗಜಲ್, ಕವ್ವಾಲಿಯೂ ಇರುತ್ತವೆ. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಉರ್ದು, ತರಗತಿಯಲ್ಲಿ ಕನ್ನಡ ಆಡುವ ನಮ್ಮ ಗಡಿಭಾಗದ ಮಕ್ಕಳಿಗೆ ಇದು ದೊಡ್ಡ ಅವಕಾಶ. ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ, ಒಳಗೆ ಕನ್ನಡ ಕಲಿಸಿದ ಜಿಲ್ಲೆ ಇದು. ಇಂದು ಬೇಕಾದ ಭಾಷೆಯಲ್ಲಿ ಗಟ್ಟಿಯಾಗಿ ಮಾತನಾಡಬಹುದು.

ಆದರೆ ಅನೇಕ ಶಾಲೆಗಳಿಂದ ಪ್ರತಿ ವರ್ಷ ಸ್ಪರ್ಧೆಗೆ ಹೋಗುವವರು ಅದೇ ನಾಲ್ಕೈದು ಮಂದಿ. ಉಳಿದವರು ಚಪ್ಪಾಳೆ ತಟ್ಟಿಯೇ ಎಸ್ಸೆಸ್ಸೆಲ್ಸಿ ಮುಗಿಸುತ್ತಾರೆ. 371(ಜೆ) ನಮಗೆ ಸೀಟು ಕೊಡಿಸಬಹುದು, ಸಂದರ್ಶನದಲ್ಲಿ ಮಾತು ನಾವೇ ಆಡಬೇಕು. ಶನಿವಾರದ ಒಂದು ಪಿರಿಯಡ್‌ನಲ್ಲಿ ಸರದಿಯಂತೆ ಎಲ್ಲರಿಗೂ ಎರಡು ನಿಮಿಷ ಮಾತನಾಡಲು ಬಿಟ್ಟರೆ ಸಾಕು, ಖರ್ಚೇನೂ ಇಲ್ಲ. ರಜೆಯಲ್ಲಿ ಊರಿಗೆ ಹೋಗುವ ನಾವು ಕಾಲೇಜು ವಿದ್ಯಾರ್ಥಿಗಳೂ ಓದಿದ ಶಾಲೆಗೆ ಹೋಗಿ ಇದನ್ನು ಮಾಡಿಸಬಹುದಲ್ಲವೇ?