ಕನ್ನಡ ಜೋಡಿಸುವ ತಂತ್ರಾಂಶ: ಯಾವ ಬಾಗಿಲು ತೆರೆದಿರಬೇಕು?

ವಿಜಯಪುರದಲ್ಲಿ ಗೋಳಗುಮ್ಮಟವಿರುವ ಸ್ಟೇಷನ್ ರಸ್ತೆಯ ಹೆಸರನ್ನು ಗಣಕದಲ್ಲಿ ಬರೆದು ನೋಡಿ. ಕಡತದಲ್ಲಿ ಉಳಿಯುವುದು ಅಕ್ಷರಗಳ ಚಿತ್ರವಲ್ಲ, ಯೂನಿಕೋಡ್ ಸಂಕೇತಗಳ ಸಾಲು. ‘ಸ್ಟೇಷನ್’ ಪದಕ್ಕೆ 7, ‘ರಸ್ತೆ’ಗೆ 5, ನಡುವಿನ ತೆರವಿಗೆ 1, ಒಟ್ಟು 13 ಸಂಕೇತಗಳು. ಮೊದಲ ಅಕ್ಷರವಾದ ‘ಸ್ಟೇ’ಯನ್ನೇ ನೋಡೋಣ. ಸಂಕೇತಗಳ ಕ್ರಮ ಸ, ಹಲಂತ, ಟ, ಏಕಾರ. ಪರದೆಯ ಮೇಲಾದರೋ ಏಕಾರದ ಎತ್ವ ಕೊನೆಯಲ್ಲಿದ್ದರೂ ಸಕಾರದ ತಲೆಯನ್ನು ಸೇರಬೇಕು, ಟಕಾರ ಒತ್ತಾಗಿ ಕೆಳಗಿಳಿಯಬೇಕು, ದೀರ್ಘದ ಚಿಹ್ನೆ ಬಲಕ್ಕೆ ಬರಬೇಕು.

ಈ ಮರುಜೋಡಣೆಯನ್ನು ಪ್ರತಿಯೊಂದು ತಂತ್ರಾಂಶವೂ ತಾನೇ ಮಾಡುವುದಿಲ್ಲ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆ ಆಫೀಸ್ ಎಲ್ಲವೂ ಇದಕ್ಕಾಗಿ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವನ್ನು ನೆಚ್ಚಿಕೊಂಡಿವೆ. ಪಾರಸಿಯಲ್ಲಿ ‘ಹರ್ಫ್’ ಎಂದರೆ ಅಕ್ಷರ, ‘ಬಾಜ್’ ಎಂದರೆ ತೆರೆದದ್ದು. ಗುಮ್ಮಟದ ಬಾಗಿಲ ಮೇಲೆ ಪಾರಸಿ ಶಾಸನವನ್ನು ಹೊತ್ತ ನಗರಕ್ಕೆ ಈ ಹೆಸರು ತೀರಾ ಅಪರಿಚಿತವೇನಲ್ಲ. ಲಿನಕ್ಸ್ ಗಣಕಗಳಲ್ಲಿ ಹಾರ್ಫ್‌ಬಜ್ ಸಾಮಾನ್ಯವಾಗಿ ಹಂಚಿಕೆಯ ಲೈಬ್ರರಿಯಾಗಿ, ಅಂದರೆ ಹಲವು ತಂತ್ರಾಂಶಗಳು ಒಟ್ಟಾಗಿ ಬಳಸುವ ಒಂದೇ ಕಡತವಾಗಿ ನೆಲೆಸಿರುತ್ತದೆ.

ಹೊರಗಿನ ತಂತ್ರಾಂಶಕ್ಕೆ ಬೇಕಾದದ್ದು ‘ಎಚ್‌ಬಿ ಶೇಪ್’ನಂಥ ಕೆಲವು ಫಂಕ್ಷನ್‌ಗಳು ಮಾತ್ರ. ಅಕ್ಷರಗಳ ಸಾಲನ್ನು ಒಪ್ಪಿಸಿದರೆ ಜೋಡಿಸಿದ ರೂಪ ಮರಳಿ ದೊರೆಯುತ್ತದೆ. ‘ಸೂರ್ಯ’ದ ಅರ್ಕಾವೊತ್ತು ಎಲ್ಲಿ ಕೂರಬೇಕು, ‘ರ‍್ಯಾಂಕ್’ ಎಂಬಲ್ಲಿ ಅರ್ಕಾವೊತ್ತು ಏಕೆ ಬರಬಾರದು ಎಂಬುದನ್ನೆಲ್ಲ ತೀರ್ಮಾನಿಸುವ ಫಂಕ್ಷನ್‌ಗಳು ಒಳಮನೆಯವು. ಇವು ಹೊರಗೆ ಕಾಣಿಸಿದವೆನ್ನಿ. ಯಾರೋ ಒಬ್ಬರು ತಮ್ಮ ತಂತ್ರಾಂಶದಿಂದ ನೇರವಾಗಿ ಅವನ್ನೇ ಕರೆಯತೊಡಗುತ್ತಾರೆ. ನಾಳೆ ಕನ್ನಡದ ದೋಷವೊಂದನ್ನು ಸರಿಪಡಿಸಲು ಆ ಫಂಕ್ಷನ್ನಿನ ಸ್ವರೂಪ ಬದಲಿಸಿದರೆ ಅವರ ತಂತ್ರಾಂಶ ಮುರಿದುಬೀಳುತ್ತದೆ. ಮುರಿಯಬಾರದೆಂದರೆ ಕನ್ನಡದ ದೋಷ ಹಾಗೆಯೇ ಉಳಿಯಬೇಕು.

ಲಿನಕ್ಸ್‌ನಲ್ಲಿ ಇನ್ನೊಂದು ಅಪಾಯವೂ ಉಂಟು. ಎರಡು ಲೈಬ್ರರಿಗಳು ಒಂದೇ ಹೆಸರಿನ ಫಂಕ್ಷನ್ನನ್ನು ಹೊರಗೆ ಬಿಟ್ಟಿದ್ದರೆ, ತಂತ್ರಾಂಶ ಚಾಲನೆಗೊಳ್ಳುವಾಗ ಮೊದಲು ಸಿಕ್ಕಿದ್ದನ್ನೇ ಇಬ್ಬರಿಗೂ ಅಂಟಿಸಲಾಗುತ್ತದೆ. ಲೈಬ್ರರಿಯು ತನ್ನದೇ ಫಂಕ್ಷನ್ನನ್ನು ಕರೆಯಲು ಹೋಗಿ ನೆರೆಮನೆಯದನ್ನು ಕರೆದುಬಿಡಬಹುದು! ಇಂಥ ದೋಷವನ್ನು ಹುಡುಕುವ ಕಷ್ಟ ಅನುಭವಿಸಿದವರಿಗೇ ಗೊತ್ತು.

ಆದ್ದರಿಂದ ಒಳಗಿನದನ್ನು ಮುಚ್ಚಿಡಬೇಕು. ತೊಡಕೇನೆಂದರೆ ಎರಡು ಲೋಕಗಳ ರೂಢಿ ತದ್ವಿರುದ್ಧ. ಮೈಕ್ರೋಸಾಫ್ಟಿನ ಕಂಪೈಲರ್ ವಿಂಡೋಸ್‌ನ ಡಿಎಲ್‌ಎಲ್ ಕಟ್ಟುವಾಗ, ‘ಡಿಎಲ್‌ಎಲ್ ಎಕ್ಸ್‌ಪೋರ್ಟ್’ ಎಂಬ ಗುರುತು ಹಚ್ಚಿದ ಅಥವಾ ಪಟ್ಟಿಕೊಟ್ಟ ಫಂಕ್ಷನ್‌ಗಳನ್ನಷ್ಟೇ ಹೊರಗೆ ಬಿಡುತ್ತದೆ. ಲಿನಕ್ಸ್‌ನಲ್ಲಿ ಏನೂ ಹೇಳದಿದ್ದರೆ ಎಲ್ಲವೂ ಹೊರಗೆ. ಮುಚ್ಚಿಡುವ ಸೌಲಭ್ಯವನ್ನು ಜಿಸಿಸಿ ಕಂಪೈಲರ್ 2005ರ 4.0 ಆವೃತ್ತಿಯಲ್ಲಿ ಬಳಕೆಗೆ ಸುಲಭವಾಗಿಸಿತು. ಇದರ ಲಾಭ ಶಿಸ್ತಿನದು ಮಾತ್ರವಲ್ಲ, ವೇಗದ್ದೂ ಹೌದು: ಟಿಎನ್‌ಫಾಕ್ಸ್ ಲೈಬ್ರರಿಯ ಪೈಥಾನ್ ಕೊಂಡಿಗಳನ್ನು ತೆರೆಯಲು ಹಿಡಿಯುತ್ತಿದ್ದ 6 ನಿಮಿಷಕ್ಕೂ ಮಿಕ್ಕಿದ ಸಮಯ 8 ಸೆಕೆಂಡುಗಳಿಗೆ ಇಳಿಯಿತೆಂದು ಜಿಸಿಸಿ ಯೋಜನೆಯ ದಾಖಲೆಯೇ ಹೇಳುತ್ತದೆ.

ಒಂದೇ ಮೂಲಕಡತವು ಈ ಎರಡೂ ಕಡೆ ಸಲ್ಲಬೇಕಾದಾಗ ನೆರವಿಗೆ ಬರುವುದೇ ಷರತ್ತುಬದ್ಧ ಸಂಕಲನ. ‘ಇಫ್‌ಡೆಫ್’ ಎಂಬ ಆಜ್ಞೆ ಕಂಪೈಲರಿಗೆ ಹೇಳುವುದಿಷ್ಟೇ: ಇಂಥ ಹೆಸರನ್ನು ಮೊದಲೇ ಘೋಷಿಸಿದ್ದರೆ ಮುಂದಿನ ಸಾಲುಗಳನ್ನು ಇಟ್ಟುಕೋ, ಇಲ್ಲವಾದರೆ ಕೈಬಿಡು. ಹಾರ್ಫ್‌ಬಜ್ ತನ್ನ ಒಳಗಿನ ಫಂಕ್ಷನ್‌ಗಳಿಗೆ ‘ಎಚ್‌ಬಿ ಇಂಟರ್ನಲ್’ ಎಂಬ ಪದ ಹಚ್ಚುತ್ತದೆ. ಜಿಸಿಸಿ ಸಿಕ್ಕಲ್ಲಿ ಆ ಪದ ‘ಮುಚ್ಚಿಡು’ ಎಂಬ ಗುರುತಾಗಿ ಮಾರ್ಪಡುತ್ತದೆ. ಮೈಕ್ರೋಸಾಫ್ಟಿನ ಕಂಪೈಲರಿನಲ್ಲಿ ಬರಿದಾಗುತ್ತದೆ, ಅಲ್ಲಿ ಮುಚ್ಚುವ ಅಗತ್ಯವೇ ಇಲ್ಲ. ‘ಎಚ್‌ಬಿ ನೋ ವಿಸಿಬಿಲಿಟಿ’ ಎಂಬ ಹೆಸರನ್ನು ಘೋಷಿಸಿದರೆ ಈ ಮುಸುಕು ಬೀಳುವುದಿಲ್ಲ.

ವಿಂಡೋಸ್‌ನಲ್ಲಿ ಮತ್ತೊಂದು ಸೂಕ್ಷ್ಮವಿದೆ. ಲೈಬ್ರರಿ ಕಟ್ಟುವವರೂ ಅದನ್ನು ಬಳಸುವವರೂ ಓದುವ ಘೋಷಣೆಯ ಕಡತ ಒಂದೇ. ಕಟ್ಟುವವರಿಗೆ ಅದು ‘ಹೊರಕ್ಕೆ ಬಿಡು’ ಎನ್ನಬೇಕು, ಬಳಸುವವರಿಗೆ ‘ಹೊರಗಿನಿಂದ ತಾ’ ಎನ್ನಬೇಕು. ಕನ್ನಡವೂ ಸೇರಿ ಹಲವು ಭಾಷೆಗಳ ದಿನಾಂಕ, ಅಂಕಿ, ಅಕಾರಾದಿ ವಿಂಗಡಣೆಗಳನ್ನು ನೋಡಿಕೊಳ್ಳುವ, 1999ರಲ್ಲಿ ಐಬಿಎಂ ಮುಕ್ತಗೊಳಿಸಿದ ಐಸಿಯು ಲೈಬ್ರರಿಯು ‘ಯು ಕಾಮನ್ ಇಂಪ್ಲಿಮೆಂಟೇಶನ್’ ಎಂಬ ಹೆಸರಿನಿಂದ ಇದನ್ನು ಬಗೆಹರಿಸುತ್ತದೆ. ಆ ಹೆಸರನ್ನು ಘೋಷಿಸುವುದು ಲೈಬ್ರರಿಯನ್ನು ಕಟ್ಟುವಾಗ ಮಾತ್ರ.

ಇಲ್ಲಿಯವರೆಗೆ ಷರತ್ತು ನಿರ್ಧರಿಸಿದ್ದು ಗುರುತು ಹಚ್ಚುವ ಬಗೆಯನ್ನು. ಯಾವ ಫಂಕ್ಷನ್ ಇರಬೇಕೆಂಬುದನ್ನೇ ಷರತ್ತಿಗೆ ಬಿಟ್ಟರೆ ವಿಷಯ ಗಂಭೀರವಾಗುತ್ತದೆ. ಹಾರ್ಫ್‌ಬಜ್‌ನ ಕೆಲವು ಪ್ರಾಯೋಗಿಕ ಫಂಕ್ಷನ್‌ಗಳು ‘ಎಚ್‌ಬಿ ಎಕ್ಸ್‌ಪೆರಿಮೆಂಟಲ್ ಎಪಿಐ’ ಎಂದು ಘೋಷಿಸಿ ಕಟ್ಟಿದಾಗ ಮಾತ್ರ ಹೊರಬರುತ್ತವೆ. ಹಾಗೆ ಕಟ್ಟಿದ ಪ್ರತಿಯನ್ನು ನಂಬಿ ಬರೆದ ತಂತ್ರಾಂಶ, ಅದೇ ಹೆಸರಿನ, ಅದೇ ಆವೃತ್ತಿಯ, ಆದರೆ ಹಾಗೆ ಕಟ್ಟಿರದ ಪ್ರತಿಯುಳ್ಳ ಇನ್ನೊಂದು ಗಣಕದಲ್ಲಿ ಓಡುವುದೇ ಇಲ್ಲ. ಆವೃತ್ತಿಯ ಸಂಖ್ಯೆ ನೋಡಿ ಕಾರಣ ತಿಳಿಯುವಂತಿಲ್ಲ. ಈ ಬಗೆಯ ಷರತ್ತು ಪ್ರಯೋಗಶಾಲೆಗೆ ಸರಿ. ಜನರಿಗೆ ಹಂಚುವ ಪ್ರತಿಗೆ ಸಲ್ಲದು ಎಂಬುದು ಈ ಲೇಖಕನ ಅಭಿಪ್ರಾಯ.

ಹೊರಗೆ ಏನಿದೆಯೆಂದು ಪರೀಕ್ಷಿಸುವುದು ಕಷ್ಟವಲ್ಲ. ಲಿನಕ್ಸ್‌ನ ‘ಎನ್‌ಎಂ’ ಆಜ್ಞೆ ಲೈಬ್ರರಿಯು ಹೊರಗೆ ಬಿಟ್ಟ ಹೆಸರುಗಳ ಪಟ್ಟಿ ಕೊಡುತ್ತದೆ. ಹಾರ್ಫ್‌ಬಜ್‌ನ ಪರೀಕ್ಷೆಗಳಲ್ಲಿ ‘ಎಚ್‌ಬಿ’ ಎಂದು ಆರಂಭವಾಗದ ಹೆಸರು ಹೊರಗೆ ಸೋರಿದೆಯೇ ಎಂದು ನೋಡುವ ಪರೀಕ್ಷೆಯೂ ಒಂದು. ಒಮ್ಮೆ ಹೊರಗೆ ಬಿಟ್ಟು, ಈಗ ಬೇಡವೆನಿಸಿದ ಫಂಕ್ಷನ್‌ಗಳಿಗೂ ಅಲ್ಲಿ ದಾರಿಯುಂಟು. ‘ಎಚ್‌ಬಿ ಡಿಸೇಬಲ್ ಡೆಪ್ರಿಕೇಟೆಡ್’ ಎಂದು ಘೋಷಿಸಿಕೊಂಡ ಹೊಸ ತಂತ್ರಾಂಶಕ್ಕೆ ಅವುಗಳ ಘೋಷಣೆ ಕಾಣುವುದೇ ಇಲ್ಲ. ಹಳೆಯ ತಂತ್ರಾಂಶಗಳು ಹುಡುಕಿಕೊಂಡು ಬಂದಾಗ ಸಿಗಲೆಂದು ಫಂಕ್ಷನ್‌ಗಳು ಮಾತ್ರ ಲೈಬ್ರರಿಯಲ್ಲಿ ಹಾಗೆಯೇ ಉಳಿದಿರುತ್ತವೆ.